ಉಮ್ಮನ ಅಡುಗೆಮನೆಯ ಒಡೆದ ಟೈಲ್ಸ್

ಸಹಮ್, ಒಮಾನ್
6 ಫೆಬ್ರವರಿ 2009, ಶುಕ್ರವಾರ

ಪ್ರೀತಿಯ ಮಗ ಫಯಾಝ್‌ಗೆ ನಿನ್ನ ಬಾಪನ ಸಲಾಂ.

ಆರೋಗ್ಯವಾಗಿದ್ದೀಯಾ? ಸ್ಪೇನಿನಲ್ಲಿ ಈ ವರ್ಷ ಚಳಿ ಜೋರಂತೆ. ನಿನ್ನ ಕೆಮ್ಮು ಹೇಗಿದೆ? ಫೋನಿನಲ್ಲಿ ಕೆಮ್ಮು ಬಂದಾಗ ನೀನು ರಿಸೀವರನ್ನು ದೂರ ಹಿಡಿಯುತ್ತೀ, ಆದರೂ ಕೇಳಿಸುತ್ತದೆ. ನನಗೆ ಮಂಡಿ ನೋವೊಂದು ಬಿಟ್ಟರೆ ತೊಂದರೆಯಿಲ್ಲ. ಊರಲ್ಲಿ ನಿನ್ನ ಉಮ್ಮನೂ ತಂಗಿ ಶಹನಾಝಳೂ ಚೆನ್ನಾಗಿದ್ದಾರೆ. ಏಪ್ರಿಲಿನಲ್ಲಿ ಅವಳ ನಿಖಾಹ್ ಎಂದು ಉಮ್ಮ ಈಗಲೇ ಗೋಡೆಗೆ ಸುಣ್ಣ ಬಳಿಸುತ್ತಿದ್ದಾಳೆ. ಜುಮಾ ನಮಾಝ್ ಮುಗಿಸಿ ಬಂದು ಟೈಲ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಬೇಗ ನಕ್ಕು ಮಾತು ತೇಲಿಸಿಬಿಡುತ್ತೇವೆ.

ಅಂಗಡಿ ತಣ್ಣಗಿದೆ. ಸೊಹಾರ್ ಕಡೆ ಅರ್ಧಕ್ಕೆ ನಿಂತ ಮನೆಗಳು ಹಾಗೆಯೇ ಇವೆ, ನೆಲ ಹಾಕಿಸುವವರು ಯಾರೂ ಇಲ್ಲ. ನನ್ನ ವೀಸಾಕ್ಕೆ ಜಾಮೀನು ನಿಂತ ಕಫೀಲ್ ಮಹಮೂದ್ ಮಾತ್ರ ದಿನಾ ಬಂದು ಖಹ್ವಾ ಕುಡಿದು ಹೋಗುತ್ತಾರೆ. ಮೊನ್ನೆ ಬೇಸರ ಕಳೆಯಲು ನಿನ್ನ ಹಳೆಯ ಪತ್ರಗಳನ್ನು ಅವರಿಗೆ ಓದಿ ಹೇಳಿದೆ. ಮೊದಲ ವರ್ಷ ನೀನು ಎಷ್ಟು ಬರೆಯುತ್ತಿದ್ದೆ. ನೀನಿರುವ ಕಾಸ್ತೆಯೋನ್ ಪ್ರಾಂತ್ಯದ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಒಣ ಗುಡ್ಡ, ನಡುವಿನ ಬಯಲಿನ ತುಂಬ ಕಿತ್ತಳೆ ತೋಟ. ಗುಡ್ಡದ ಕೆಂಪು ಮಣ್ಣಿನಿಂದಲೇ ಊರೂರಿಗೆ ಟೈಲ್ಸ್ ಕಾರ್ಖಾನೆ. ಇನ್ನೂರೆಂಬತ್ತು ವರ್ಷದ ಹಿಂದೆ ಒಬ್ಬ ಜಮೀನ್ದಾರ ಅಲ್ಲಿ ಪಿಂಗಾಣಿ ಕೆಲಸ ಶುರು ಮಾಡಿಸಿದನೆಂದೂ, ಅದಕ್ಕಿಂತ ಮೊದಲು ಅರಬರ ಕಾಲದಲ್ಲಿ ತೋಟಗಳಿಗೆ ಕಾಲುವೆ ತೋಡಿದ್ದರೆಂದೂ ಬರೆದಿದ್ದೆ. ಮಹಮೂದ್ ಖುಷಿಪಟ್ಟು, ತಮ್ಮ ತೋಟಕ್ಕೆ ನೀರು ತರುವ ಫಲಜ್ ಕೂಡ ಅಂಥದ್ದೇ ಎಂದರು. ಆ ಕಾಲುವೆಯವರ ಮಕ್ಕಳು ಮೊಮ್ಮಕ್ಕಳು ಏನಾದರು ಎಂದು ಕೇಳಿದರು. ಒಂದು ದಿನ ಅರಸನ ಆಜ್ಞೆ ಬಂತು, ಎಲ್ಲರನ್ನೂ ಹಡಗು ಹತ್ತಿಸಿ ಕಳಿಸಿಬಿಟ್ಟರು ಎಂದು ನೀನು ಬರೆದದ್ದನ್ನೇ ಓದಿದೆ. ಹಾಗಾದರೆ ಆಮೇಲೆ ತೋಟಕ್ಕೆ ನೀರು ಬಿಡುವವರು ಯಾರು ಅಂದರು ಅವರು.

ಈಗ ಟೈಲ್ಸ್ ವಿಷಯಕ್ಕೆ ಬರುತ್ತೇನೆ. ಉಮ್ಮನ ಕೈಯಿಂದ ಗುಂಡುಕಲ್ಲು ಜಾರಿ ಅಡುಗೆಮನೆಯ ನೆಲದ ಒಂದು ಟೈಲ್ಸ್ ಒಡೆದದ್ದು ನಿನಗೆ ಗೊತ್ತು. ಇಪ್ಪತ್ತಮೂರು ವರ್ಷದಿಂದ ನಾನು ಗಿರಾಕಿಗಳಿಗೆ ಹೇಳುವುದು ಒಂದೇ ಮಾತು: ಒಂದು ಬಾಕ್ಸ್ ಹೆಚ್ಚು ಕೊಂಡು ಎತ್ತಿಡಿ, ಒಂದು ಸಲ ಸುಟ್ಟ ಬಣ್ಣ ಇನ್ನೊಂದು ಸಲಕ್ಕೆ ಬರುವುದಿಲ್ಲ, ಬಾಕ್ಸಿನ ಮೇಲೆ ಶೇಡ್ ನಂಬರ್ ಹಾಕುವುದು ಅದಕ್ಕೇ. ನಮ್ಮ ಮನೆಯಲ್ಲೂ ಒಂದು ಬಾಕ್ಸ್ ಉಳಿದಿತ್ತು. ಪಕ್ಕದ ಮನೆಯ ಸೇಸಪ್ಪ ತುಳಸಿಕಟ್ಟೆ ಕಟ್ಟಿಸುತ್ತಿದ್ದ. ಕೊಂಡುಹೋಗು ಮಾರಾಯ, ಇದನ್ನು ಸುಡುವ ಕಾರ್ಖಾನೆಯಲ್ಲೇ ನನ್ನ ಮಗ ಇದ್ದಾನೆ, ನನಗೇಕೆ ಹೆಚ್ಚಿನ ಬಾಕ್ಸ್ ಎಂದು ಅಷ್ಟನ್ನೂ ಕೊಟ್ಟುಬಿಟ್ಟೆ. ಉಮ್ಮ ಆವತ್ತೇ ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬೈದಿದ್ದಳು. ಜಂಬ ನನ್ನದು, ಸುಳ್ಳು ಹೇಳುವುದಿಲ್ಲ.

ನಿಖಾಹ್‌ಗೆ ಬರುವಾಗ ಒಂದು ಟೈಲ್ಸ್ ತಾ ಎಂದು ಉಮ್ಮ ಕೇಳಿದಾಗ ನೀನು ಏನು ಹೇಳಿದೆ? ಭಟ್ಟಿ ಮೂರು ಪಾಳಿ ಉರಿಯುತ್ತಿದೆ, ಬಿಸಿಬಿಸಿ ತರುತ್ತೇನೆ ಉಮ್ಮ ಎಂದೆ. ಉಮ್ಮ ಅದನ್ನು ಕೇರಿಗೆಲ್ಲ ಹೇಳಿ ನಕ್ಕಳು. ನೀನು ಶೇಡ್ ನಂಬರ್ ಕೇಳಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಅಂಗಡಿಯ ಡ್ರೈವರ್ ಅನೂಪನಿಗೂ ನಾನು ಕಲಿಸಿದ ಪಾಠವನ್ನು ನೀನು ಮರೆಯುವವನಲ್ಲ. ಅದಕ್ಕೆ ಇಲ್ಲಿ ಅಂಗಡಿಯಲ್ಲಿ ಎತ್ತಿಟ್ಟಿದ್ದ ಬಾಕ್ಸಿನ ರಟ್ಟಿನ ಚೂರು ಹುಡುಕಿ, ನಂಬರ್ ಬರೆದು, ನಿನ್ನ ಕಂಪನಿಗೆ ಇಮೇಲ್ ಮಾಡಿಸಿದೆ. ಮಂಗಳವಾರ ಉತ್ತರ ಬಂತು. ನವೆಂಬರಿನಲ್ಲೇ ಭಟ್ಟಿ ಆರಿಸಿದ್ದಾರೆ, ಕೆಲಸಗಾರರನ್ನೆಲ್ಲ ಕಳಿಸಿದ್ದಾರೆ, ಆ ಶೇಡ್ ಇನ್ನು ಸಿಗುವುದಿಲ್ಲ. ಎರಡೇ ಸಾಲು.

ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು. ಮೂರು ತಿಂಗಳಿಂದ ಮಗ ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ ಎಂದು ಮೂರು ದಿನದಿಂದ ಇದೇ ಯೋಚನೆ. ನೇತ್ರಾವತಿ ದಂಡೆಯ ಹಂಚಿನ ಕಾರ್ಖಾನೆ ಮುಚ್ಚಿದಾಗ ನನ್ನ ಬಾಪ, ಅಂದರೆ ನಿನ್ನ ಅಜ್ಜ, ಯಾರಿಗೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋಗಿ ಹೊಳೆಬದಿಯಲ್ಲಿ ಕೂತು, ಸಂಜೆ ಕಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡು ಬರುತ್ತಿದ್ದರು. ಹೊಗೆ ಇಲ್ಲದ ಚಿಮಣಿ ನಮ್ಮ ಅಂಗಳದಿಂದಲೇ ಕಾಣುತ್ತಿತ್ತು. ನಾವೆಲ್ಲ ನೋಡಿದ್ದೆವು, ಯಾರೂ ಬಾಯಿ ಬಿಡಲಿಲ್ಲ. ಬಾಪನ ಮರ್ಯಾದೆ ಕಾಯುತ್ತಿದ್ದೇವೆ ಎಂದುಕೊಂಡಿದ್ದೆ. ಈಗ ನೆನೆದರೆ, ಅವರನ್ನು ಹೊಳೆಬದಿಯಲ್ಲಿ ಒಬ್ಬರನ್ನೇ ಬಿಟ್ಟೆವು. ಆ ತಪ್ಪನ್ನು ಇನ್ನೊಮ್ಮೆ ಮಾಡಲಾರೆ, ಆದ್ದರಿಂದ ಬರೆದೆ. ಇಲ್ಲಿಗೆ ಬಾ, ಕೆಲಸ ಕಾದಿದೆ ಎನ್ನುವ ಹಾಗೂ ಇಲ್ಲ. ಇರುವುದನ್ನು ಇದ್ದ ಹಾಗೆ ಹೇಳಿದ್ದೇನೆ, ನೀನೂ ಹಾಗೆಯೇ ಹೇಳು.

ಉಮ್ಮನಿಗೆ ತಿಳಿಸಿಲ್ಲ. ಮಹಮೂದ್ ನಿನಗೆ ಸಲಾಂ ಹೇಳಿದ್ದಾರೆ. ಅಲ್ಲಾಹನು ನಿನ್ನನ್ನು ಕಾಯಲಿ, ನೀನು ಇರುವಲ್ಲಿ ಬೆಚ್ಚಗಿಡಲಿ.

ನಿನ್ನ ಬಾಪ,
ಇಸುಬು

ವಿ.ಸೂ.: ಲಕೋಟೆ ಅಂಟಿಸುವಾಗ ಉಮ್ಮನ ಫೋನ್ ಬಂತು. ನೆಲ ಒಡೆದ ಸುದ್ದಿ ಕೇಳಿ ಸೇಸಪ್ಪನೇ ತುಳಸಿಕಟ್ಟೆಯ ಹಿಂಬದಿಯಿಂದ ಒಂದು ಟೈಲ್ಸ್ ಎಬ್ಬಿಸಿ ತಂದು ಕೂರಿಸಿಕೊಟ್ಟನಂತೆ. ಮದುವೆ ಮನೆ ರುಕಿಯಕ್ಕ, ನೆಲ ಒಡೆದಿರಬಾರದು ಎಂದು ಉಮ್ಮನಿಗೆ ಹೇಳಿದನಂತೆ. ಬಿಸಿಲು ಮಳೆಗೆ ಬಣ್ಣ ಸ್ವಲ್ಪ ಹೋಗಿದೆ, ನೋಡಿದರೆ ಗೊತ್ತಾಗುತ್ತದೆ ಎಂದು ಉಮ್ಮ ಅಂದಳು. ಇರಲಿ. ಇನ್ನು ನೀನು ಏನನ್ನೂ ತರಬೇಕಾಗಿಲ್ಲ ಫಯಾಝ್. ಕೈ ಬೀಸಿಕೊಂಡು ಮನೆಗೆ ಬಾ.