ಎಲುಬಿಗೆ ನೀರಿನ ಲೆಕ್ಕ

ಫೆಬ್ರುವರಿ ೩೦, ೨೨೧೪
ಗದಗ

ಇನ್ನೂರು ವರ್ಷ ಹಿಂದಿನ ಹಿರಿಯರೇ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ, ಮಿಕ್ಕ ಐದು ದಿನ ರಜೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು ನಾನು, ಕನ್ನಡ ಬರೆಯುವಾಗ ಎಡವುತ್ತೇನೆ. ಕೆಲವು ಪದಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿರಲಿಕ್ಕಿಲ್ಲ. ಕ್ಷಮಿಸಿ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಮೇದಿನಿ. ಮದುವೆಯಾಗಿ ತಿಂಗಳು ತುಂಬಿಲ್ಲ! ನನ್ನ ಗಂಡ ತೋಂಟೇಶ್ ಭೂಮಿಯ ಮೇಲಿನ ಅತಿ ಚಂದದ ಮನುಷ್ಯ. ಅನುಮಾನವಿದ್ದರೆ ಬಂದು ನೋಡಿ. ಅವರ ಕೈ ನಡುಗುತ್ತದೆ. ತಾಳಿ ಕಟ್ಟುವಾಗ ಗಂಟು ಬೀಳದೆ ಇಡೀ ಮಂಟಪ ಕಾಯಿತು. ನಾನು ಮಾತ್ರ ನಗುತ್ತಿದ್ದೆ, ಆ ಬೆರಳುಗಳು ಕುತ್ತಿಗೆಗೆ ತಾಗುತ್ತಿದ್ದವಲ್ಲ! ಈಚೆಗೆ ನಡುಕ ಹೆಚ್ಚಿ, ತುತ್ತು ಬಾಯಿಗೆ ಸೇರುತ್ತಿಲ್ಲ. ಇಂದು ಅವರಿಗೆ ನಾದಚಿಕಿತ್ಸೆ. ಕಿವಿಗೆ ಕೇಳದ ಶಬ್ದವನ್ನು ತಲೆಬುರುಡೆಯ ಮೂಲಕ ಕಳಿಸಿ, ಮಿದುಳಿನಲ್ಲಿ ಬೇಳೆಯಷ್ಟು ಜಾಗವನ್ನು ಮಾತ್ರ ಕಾಯಿಸುವ ಕ್ರಮ. ಕತ್ತರಿ ಇಲ್ಲ, ಹೊಲಿಗೆ ಇಲ್ಲ.

ನಮ್ಮಲ್ಲೊಂದು ಪದ್ಧತಿ ಇದೆ. ಮದುವೆಯ ದಿನ ಗಂಡು ಹೆಣ್ಣು ತಮ್ಮ ‘ಮೈನೆರಳು’ ಬದಲಾಯಿಸಿಕೊಳ್ಳುತ್ತಾರೆ. ಅದು ಗಣಕದೊಳಗಿರುವ ನಮ್ಮ ದೇಹದ ಪ್ರತಿ, ಎಲುಬು ಕೊಬ್ಬು ಸಮೇತ. ಚಿಕಿತ್ಸೆಯನ್ನು ಮೊದಲು ಅದರ ಮೇಲೆ ಮಾಡಿ ನೋಡುತ್ತಾರೆ. ಸಂಗಾತಿ ಒಪ್ಪಿ ಮುದ್ರೆ ಒತ್ತಬೇಕು. ಹೆಚ್ಚಿನವರು ನೋಡದೆಯೇ ಒತ್ತುತ್ತಾರೆ. ನಾನು ಪ್ರೀತಿಗೆಂದು ನೋಡಿದೆ, ಬುರುಡೆ ದಪ್ಪ, ಆದರೂ ಎಷ್ಟು ಚಂದ! ಸೇತುವೆಗಳ ಬಿರುಕನ್ನು ಶಬ್ದದಿಂದ ಹುಡುಕುವುದು ನನ್ನ ಕೆಲಸ, ಹಾಗಾಗಿ ಲೆಕ್ಕವನ್ನೂ ನೋಡಿದೆ. ಅದರಲ್ಲಿ ತಪ್ಪಿತ್ತು.

ಶಬ್ದ ಯಾವುದರೊಳಗೆ ಹಾದರೂ ಒಂದಿಷ್ಟು ಅಲ್ಲೇ ಹೀರಿಹೋಗಿ ಶಾಖವಾಗುತ್ತದೆ. ಎಷ್ಟು ಎಂಬುದು ಅದರ ಆವರ್ತನಕ್ಕೆ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದಕ್ಕೆ ತಕ್ಕಂತೆ. ಆವರ್ತನ ಅರ್ಧವಾದರೆ ನೀರಿನಲ್ಲಿ ಹೀರಿಕೆ ಕಾಲು ಭಾಗಕ್ಕೆ ಇಳಿಯುತ್ತದೆ. ಎಲುಬಿನಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಮಾತ್ರ. ಎಲುಬನ್ನು ಅಳೆದ ಆವರ್ತನದ ಅರ್ಧದಲ್ಲಿ ಚಿಕಿತ್ಸೆ. ಲೆಕ್ಕ ಮಾತ್ರ ನೀರಿನದು, ಎಲುಬಿನ ಹೀರಿಕೆಯೂ ಕಾಲು ಭಾಗಕ್ಕೆ ಇಳಿಯುತ್ತದೆಂದೇ ಹಿಡಿದಿದ್ದಾರೆ! ನಿಮ್ಮ ಕಾಲದವರು ಯಾರೋ ನೀರಿನ ತೊಟ್ಟಿಯಲ್ಲಿ ಯಂತ್ರವನ್ನು ಪರೀಕ್ಷಿಸಿ, ಆ ನಿಯಮವನ್ನು ತೆಗೆಯದೆ ಬಿಟ್ಟಿದ್ದಾರೆ. ಲೆಕ್ಕ ಮಾಡಲು ಅದು ಅಗ್ಗ ಕೂಡ. ನೀರಿನ ನಿಯಮಕ್ಕೆ ಈ ಕ್ಷಣದ ಅಲೆ ಸಾಕು. ಎಲುಬಿನ ನಿಯಮಕ್ಕೆ ಹಿಂದೆ ಹಾದುಹೋದ ಕ್ಷಣಗಳೆಲ್ಲ ನೆನಪಿರಬೇಕು, ಗಣಕ ತೆವಳುತ್ತದೆ.

“ಇಷ್ಟು ಮಂದಿಗೆ ಇದರಾಗೇ ಮಾಡೇವಿ, ಯಾರೂ ಸತ್ತಿಲ್ಲವ್ವ,” ಎಂದು, ತಪ್ಪನ್ನು ತೋರಿಸಿದಾಗ ಡಾಕ್ಟರ್ ಸಿಡುಕಿದರು.

“ಅವರ ತಲಿನೂ ಇಷ್ಟು ದಪ್ಪ ಇತ್ತೇನ್ರಿ?” ಎಂದೆ.

ಅತ್ತೆ ನಗಿಸಲು ನೋಡಿದರು: “ಇವನ ತಲಿ ದಪ್ಪ ಅಂತ ಇಂವ ಹುಟ್ಟಿದಾಗಿಂದ ಹೇಳಾಕತ್ತೀನಿ. ಅದಕ್ಕ ಯಂತ್ರ ಬೇಕಿತ್ತೇನು?”

ತೋಂಟೇಶ್ ನಗಲಿಲ್ಲ. “ಮೇದಿನಿ, ಒತ್ತಿಬಿಡು. ಇವತ್ತು ಬಿಟ್ರ ಮತ್ತ ವರ್ಷ ಕಾಯಬೇಕು. ಇನ್ನೊಬ್ಬರ ಕೈಲೆ ಉಣ್ಣೂದು ಸಾಕಾಗೇತಿ ನನಗ.”

ನಾನು ಒತ್ತಲಿಲ್ಲ. ಎಲುಬಿನ ನಿಯಮ ಹಾಕಿ ಲೆಕ್ಕ ಓಡಿಸಿದೆ. ಅವರು ಗೋಡೆಯ ಕಡೆ ತಿರುಗಿ ಕೂತರು. ಮದುವೆಯಾದ ಮೇಲೆ ಮೊದಲ ಮುನಿಸು. ನಾನು ಎದ್ದೆ, ಕೂತೆ, ಕಿಟಕಿಗೆ ಹೋದೆ. ಹೊರಗೆ ಇಬ್ಬನಿ ಹಿಡಿಯುವ ಗಾಳಿಪಟಗಳನ್ನು ಇಳಿಸುತ್ತಿದ್ದರು. ಊರಿಗೆ ಕುಡಿಯುವ ನೀರು ಅವುಗಳಿಂದಲೇ. ದಿನವೂ ನೋಡಿ ಖುಷಿಪಡುವವಳಿಗೆ ಇಂದು ಅವುಗಳ ಮೇಲೆ ಮನಸ್ಸೇ ನಿಲ್ಲಲಿಲ್ಲ.

ಕೊನೆಗೆ ಉತ್ತರ ಬಂತು. ಬುರುಡೆಗೆ ತಗಲುವ ಶಾಖ ಡಾಕ್ಟರ್ ಹೇಳಿದ್ದರ ಎರಡರಷ್ಟು. ಎಲುಬಿನ ಒಳಮೈ ಬೆಂದುಹೋಗುತ್ತಿತ್ತು. ಡಾಕ್ಟರ್ ನನ್ನ ಲೆಕ್ಕವನ್ನು ಸಾಲು ಸಾಲಾಗಿ ಓದಿದರು. ಆಮೇಲೆ ಶಬ್ದವನ್ನು ಬಿಟ್ಟು ಬಿಟ್ಟು ಕಳಿಸಿ, ನಡುನಡುವೆ ತಲೆಯನ್ನು ತಣಿಸುವ ಹೊಸ ಕ್ರಮ ಹಾಕಿದರು. ಮೈನೆರಳಿನ ಮೇಲೆ ಮತ್ತೆ ನೋಡಿದೆವು, ಎಲುಬು ಕಾಯಲಿಲ್ಲ. ಮುದ್ರೆ ಒತ್ತಿದೆ. ತೋಂಟೇಶ್ ನನ್ನ ಕೆನ್ನೆ ಹಿಂಡಿ ಒಳಗೆ ಹೋದರು.

ಕುಣಿಯಬೇಕಿತ್ತು, ಆಗುತ್ತಿಲ್ಲ. ನನಗಿಂತ ಮೊದಲು ಇಲ್ಲಿ ಮುದ್ರೆ ಒತ್ತಿ ಕಾದ ಹೆಂಡತಿಯರು, ಗಂಡಂದಿರು ಕಣ್ಣಮುಂದೆ ಬರುತ್ತಿದ್ದಾರೆ. ಚಿಕಿತ್ಸೆಯ ನಂತರ ತಲೆ ಉರಿಯುತ್ತದೆಂದು ವರ್ಷಗಟ್ಟಲೆ ನರಳಿದವರನ್ನು ನಾವು ಯಾರೂ ನಂಬಿರಲಿಲ್ಲ.

ಹಿರಿಯರೇ, ಒಂದೇ ಬೇಡಿಕೆ. ಎಲುಬಿನ ನಿಯಮ ಗೊತ್ತಿಲ್ಲದಿದ್ದರೆ ಆ ಜಾಗಕ್ಕೆ ನೀರಿನದನ್ನು ತುಂಬಬೇಡಿ. ಖಾಲಿ ಬಿಡಿ. ಗಣಕ ಅಲ್ಲಿಗೇ ನಿಂತುಬಿಡಲಿ. ನಿಂತರೆ, ಯಾರಾದರೂ ಯಾಕೆಂದು ಕೇಳುತ್ತಾರೆ.

ಮುಚ್ಚಿದ ಬಾಗಿಲ ಹೊರಗಿನಿಂದ,
ಮೇದಿನಿ ತೋಂಟೇಶ್