ಜೋಡಿಯಲ್ಲದ ಜೋಡು

ನವೆಂಬರ್ ೧೪, ಗುರುವಾರ
ಸಂಜೆ ಐದೂವರೆ

ಅಮ್ಮಾ,

ನಿನ್ನ ಕಿರಿಯವಳ ನಮಸ್ಕಾರ. ಫೋನಿನಲ್ಲಿ ಎಷ್ಟು ಕೂಗಿದರೂ ನಿನಗೆ ಕೇಳಿಸುವುದಿಲ್ಲವೆಂದು ಶುರುವಾದ ಈ ಕಾಗದದ ಅಭ್ಯಾಸ ಈಗ ನನಗೇ ಹಿಡಿಸಿಬಿಟ್ಟಿದೆ. ಹೋದ ಸಲ ನೀನು ಕೇಳಿದ್ದೆ: ನೀನು ಮಾಡೋ ಕೆಲಸವಾದರೂ ಏನೇ, ಜಾಲತಾಣ ಅಂದರೆ ಮೀನು ಹಿಡಿಯೋ ಜಾಲವಾ, ನಿಮ್ಮಣ್ಣನನ್ನು ಕೇಳಿದರೆ ಅಂಗಡಿ ಬೋರ್ಡು ಬರೆದ ಹಾಗೆ ಅಂತಾನೆ, ನಿಮ್ಮತ್ತಿಗೆಯನ್ನು ಕೇಳಿದರೆ ಬರೀ ನಗ್ತಾಳೆ ಎಂದು. ಅಣ್ಣ ಹೇಳಿದ್ದು ಪೂರ್ತಿ ತಪ್ಪಲ್ಲ. ಈ ನಾಲ್ಕು ತಿಂಗಳಲ್ಲಿ ನಾವು ಮಾಡಿಕೊಟ್ಟ ಒಂದು ಸೈಟಿನ ಕಥೆ ಹೇಳುತ್ತೇನೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು.

ನಮ್ಮದು ಮೂರೇ ಜನರ ಕಂಪನಿ. ಪುಟದ ಅಂದಚೆಂದ ನೋಡುವವರು ಕಂಪನಿಯ ಯಜಮಾನರು. ಅದನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆಯುವವನು ಇನ್ನೊಬ್ಬ. ಬೇರೆ ಊರಿನಲ್ಲಿರುವ ಅವನನ್ನು ನಾನು ಮೂರು ವರ್ಷದಲ್ಲಿ ಒಮ್ಮೆಯೂ ಎದುರಿಗೆ ಕಂಡಿಲ್ಲ, ಫೋನಿನಲ್ಲಿ ಗಂಟಲು ಸರಿಮಾಡಿಕೊಳ್ಳುವ ಸದ್ದು ಮಾತ್ರ ಗೊತ್ತು. ಮೊದಲು ಔಷಧಿ ಅಂಗಡಿಯ ಮೇಲೆ ನಮಗೊಂದು ಕೋಣೆ ಇತ್ತು. ಈಗ ಅದನ್ನು ಬಿಟ್ಟು, ಎಲ್ಲರೂ ಅವರವರ ಮನೆಯಿಂದಲೇ ಕೆಲಸ. ನಾನು ಊಟದ ಮೇಜಿನ ಕಿಟಕಿ ಕಡೆಯ ಕುರ್ಚಿಯಲ್ಲಿ ಕೂರುತ್ತೇನೆ. ಗಿರಾಕಿಗೆ ಏನು ಬೇಕು ಅಂತ ಕೇಳಿ ತಿಳಿದು, ಯಾವ ಪುಟದಲ್ಲಿ ಏನಿರಬೇಕು ಅಂತ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಸಾಮಾನ್ಯವಾಗಿ ಅದೂ ಪರದೆಯ ಮೇಲೆಯೇ ಮುಗಿಯುತ್ತದೆ. ಈ ಗಿರಾಕಿಯ ಅಂಗಡಿ ಮಾತ್ರ ನನ್ನ ಮನೆಯಿಂದ ನಾಲ್ಕು ಬೀದಿ ದೂರದಲ್ಲಿತ್ತು. ಹಾಗಾಗಿ ನಡೆದೇ ಹೋದೆ.

ಅವರನ್ನು ಎಲ್ಲರೂ ಅಳತೆಯಮ್ಮ ಅನ್ನುತ್ತಾರೆ. ಅರವತ್ತೈದು ದಾಟಿದೆ. ಎರಡು ಕಾಲೂ ಒಂದೇ ಸಮ ಇಲ್ಲದವರಿಗೆ ಶೂ ಹೊಲಿದುಕೊಡುತ್ತಾರೆ. ಒಳಗೆ ಹೋದರೆ ಚರ್ಮದ್ದು, ಅಂಟಿನದು ಘಾಟು. ಗೋಡೆಯ ತುಂಬ ಮರದ ಕಾಲಚ್ಚುಗಳು ಜೋಡಿಜೋಡಿಯಾಗಿ ನೇತಾಡುತ್ತಿರುತ್ತವೆ. ನಾನು ಹೊಸ್ತಿಲು ದಾಟುವಷ್ಟರಲ್ಲಿ ನನ್ನ ಪಾದ ನೋಡಿ, “ಬಲಗಾಲಿನ ಕಿರುಬೆರಳು ನೋಯತ್ತಲ್ವಾ? ಚಪ್ಪಲಿ ಬದಲಾಯಿಸು. ಬಾ, ಕೂತ್ಕೋ” ಅಂದರು.

ನಮ್ಮ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಈ ಸೈಟನ್ನು ಯಾರು ನೋಡಬೇಕು? ಆಸ್ಪತ್ರೆಯವರು, ಡಾಕ್ಟರು, ಮಕ್ಕಳ ತಾಯಂದಿರು ಅಂತ ಬರೆದುಕೊಳ್ಳಲು ನಾನು ಪೆನ್ನು ಹಿಡಿದು ಕೂತಿದ್ದೆ. ಅವರು ದಾರಕ್ಕೆ ಮೇಣ ತೀಡುತ್ತಾ, “ಒಬ್ಬರು ನೋಡಿದ್ರೆ ಸಾಕಮ್ಮ” ಅಂದರು. ಯಜಮಾನರಿಗೆ ಹೇಳಿದಾಗ ಅವರು ನಕ್ಕರು. “ಒಬ್ಬರಿಗೋಸ್ಕರ ಸೈಟ್ ಯಾಕೆ? ಒಂದು ಕಾಗದ ಬರೆದು ಹಾಕ್ಲಿ.”

ಆಮೇಲೆ ಪ್ರತಿ ಗುರುವಾರ ಹೋದೆ. ಐದು ಪುಟ ಅಂತ ತೀರ್ಮಾನವಾಯಿತು. ಯಾವುದು ಮೇಲೆ, ಯಾವುದು ಕೆಳಗೆ ಅಂತ ಚೌಕಚೌಕವಾಗಿ ಕಾಗದದ ಮೇಲೆ ಬರೆದುಕೊಟ್ಟೆ. ಮನೆ ಕಟ್ಟುವ ಮೊದಲು ನಕ್ಷೆ ಹಾಕುತ್ತಾರಲ್ಲ, ಹಾಗೆ. ಯಜಮಾನರು ಅದಕ್ಕೆ ಬಣ್ಣ ತುಂಬಿದರು. ಮೊದಲ ಪುಟದಲ್ಲಿ ಹಸಿರು ಹುಲ್ಲಿನ ಮೇಲೆ ಓಡುವ ಎಳೆಯ ಕಾಲುಗಳ ಚಿತ್ರ, ಬಹಳ ಚೆನ್ನಾಗಿತ್ತು. ಅಳತೆಯಮ್ಮ ಒಮ್ಮೆ ನೋಡಿ, “ಈ ಕಾಲಿಗೆ ನನ್ನ ಹತ್ರ ಏನು ಕೆಲಸ?” ಅಂದರು. ಒಳಗಿನಿಂದ ಒಂದು ಹಳೆಯ ಎಡಗಾಲಿನ ಶೂ ತಂದು ಮೇಜಿನ ಮೇಲಿಟ್ಟರು. ಕಂದು ಬಣ್ಣ, ಎರಡು ಇಂಚು ಎತ್ತರದ ಅಟ್ಟೆ, ತುದಿ ಸವೆದಿತ್ತು. ಮೊದಲ ಪುಟದಲ್ಲಿ ಇದೇ ಇರಬೇಕಂತೆ. ಅಕ್ಷರವೂ ದೊಡ್ಡದಾಗಿರಬೇಕಂತೆ. ಯಜಮಾನರು ಮುಖ ಊದಿಸಿಕೊಂಡರು. ಸವೆದ ಶೂ ನೋಡಿದರೆ ಬಂದವರು ಹಾಗೇ ವಾಪಸ್ ಹೋಗ್ತಾರೆ ಅಂದರು. ಎರಡು ವಾರ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ.

ಆಮೇಲೆ ಒಂದು ಗುರುವಾರ ನಮ್ಮ ಇನ್ನೊಂದು ಮಾಮೂಲು ಪ್ರಶ್ನೆ ಕೇಳಿದೆ. ಜನ ಇಂಥ ಶೂ ಬೇಕಾದಾಗ ಯಾವ ಮಾತು ಬರೆದು ಹುಡುಕಬಹುದು? ಆ ಮಾತು ಪುಟದಲ್ಲಿದ್ದರೆ ಅವರಿಗೆ ನಮ್ಮ ಸೈಟು ಸಿಗುತ್ತದೆ. ಅಳತೆಯಮ್ಮ ಕತ್ತರಿ ಕೆಳಗಿಟ್ಟರು. “ಕುಂಟು ಅಂತ ಅವಳು ಯಾವತ್ತೂ ಬರೆಯಲ್ಲ. ಕಾಲು ಗಿಡ್ಡ ಅಂತಾನೂ ಬರೆಯಲ್ಲ. ಜೋಡಿಯಲ್ಲದ ಜೋಡು ಅಂತ ಬರೀತಾಳೆ. ನಮ್ಮಪ್ಪ ಹಾಗೇ ಅಂತಿದ್ರು.”

ಅವಳು ಅಂದರೆ ಯಾರು ಅಂತ ಕೇಳಿದೆ.

ಅವರ ತಂಗಿಯಂತೆ, ಅಮ್ಮಾ. ಹುಟ್ಟಿನಿಂದಲೇ ಎಡಗಾಲು ಎರಡು ಇಂಚು ಕಡಿಮೆ. ಅವಳ ಕಾಲಿಗೋಸ್ಕರವೇ ಇವರು ಅಪ್ಪನಿಂದ ಈ ಕೆಲಸ ಕಲಿತದ್ದು. ಇಬ್ಬರೂ ಮದುವೆಯಾಗದೆ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿದ್ದರು. ತಂಗಿಗೆ ಐವತ್ತೆರಡಾಗಿದ್ದಾಗ ಹೆಂಡತಿ ತೀರಿಕೊಂಡ ಒಬ್ಬ ಗಡಿಯಾರ ರಿಪೇರಿಯವರು ಅವಳನ್ನು ಮದುವೆಯಾಗುತ್ತೇನೆಂದು ಕೇಳಲು ಬಂದರಂತೆ. ಆ ಹೊತ್ತಿಗೆ ಅವಳು ಮನೆಯಲ್ಲಿರಲಿಲ್ಲ. ಅಳತೆಯಮ್ಮ ಬಾಗಿಲಲ್ಲೇ ನಿಂತು, ಅವಳ ಕೈಲಿ ಸಂಸಾರ ಆಗಲ್ಲ, ಅವಳಿಗೆ ಇಷ್ಟವೂ ಇಲ್ಲ ಅಂತ ಹೇಳಿ ಕಳಿಸಿಬಿಟ್ಟರು. ತಂಗಿಗೆ ವಿಷಯ ತಿಳಿದದ್ದು ವರ್ಷದ ನಂತರ, ಆ ಮನುಷ್ಯ ಬೇರೆ ಮದುವೆಯಾದ ಮೇಲೆ. ಅವಳು ಜಗಳವನ್ನೂ ಆಡಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದಳು. ಹನ್ನೊಂದು ವರ್ಷವಾಯಿತು. ಎಲ್ಲಿದ್ದಾಳೋ ಗೊತ್ತಿಲ್ಲ.

“ಅವಳ ಒಳ್ಳೇದಕ್ಕೇ ಮಾಡಿದೆ ಅಂತ ಎಲ್ರಿಗೂ ಹೇಳ್ಕೊಂಡು ಬಂದೆ. ಸುಳ್ಳು. ನಾನು ಒಬ್ಬಳೇ ಆಗ್ತೀನಲ್ಲ ಅಂತ ಹೆದರಿಕೆ. ಈಗ ನೋಡು, ಆ ಹೆದರಿಕೇನೇ ನಿಜವಾಯ್ತು. ಒಂದು ಜೊತೆ ಮೂರು ವರ್ಷ ಬಾಳಿಕೆ ಬರತ್ತೆ, ಹೆಚ್ಚು ಅಂದ್ರೆ ನಾಲ್ಕು. ಅವಳ ಕಾಲಿಗೆ ಬೇರೆಯವರ ಕೈ ಹೊಂದಲ್ಲ. ಎಲ್ಲಾದ್ರೂ ಹುಡುಕೇ ಹುಡುಕ್ತಾಳೆ.”

ನಾನು ಯಜಮಾನರಿಗೆ ಹೇಳಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಹುಲ್ಲು ಹೋಗಿತ್ತು, ಆ ಸವೆದ ಶೂ ಪುಟದ ನೆತ್ತಿಯ ಮೇಲಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ‘ಜೋಡಿಯಲ್ಲದ ಜೋಡು’. ಗಂಟಲು ಸರಿಮಾಡಿಕೊಳ್ಳುವವನು, ಆಕೆಯ ಹತ್ತಿರ ಹಳೆಯ ಫೋನೇ ಇರಬಹುದು ಅಂತ, ನಾಲ್ಕೈದು ಹಳೆಯ ಫೋನು ಎಲ್ಲಿಂದಲೋ ತಂದು ಪುಟ ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷೆ ಮಾಡಿದ. ಯಾರೂ ಅವನಿಗೆ ಹೇಳಿರಲಿಲ್ಲ.

‘ನಮ್ಮ ಬಗ್ಗೆ’ ಅನ್ನುವ ಪುಟವೊಂದು ಉಳಿಯಿತು. ಅಳತೆಯಮ್ಮ ಅದರಲ್ಲಿ ನಡೆದದ್ದನ್ನೆಲ್ಲ ಬರೆದು ಕ್ಷಮೆ ಕೇಳುತ್ತೇನೆ ಅಂತ ಹಟ ಹಿಡಿದರು. ಊರೆಲ್ಲ ಓದುವ ಜಾಗವದು, ನಿಮ್ಮ ತಂಗಿಗೆ ಅದು ಇಷ್ಟವಾಗುತ್ತದೆಯೇ ಅಂತ ಕೇಳಿದೆ. ಮೂರು ಗುರುವಾರ ಬರೆದು ಬರೆದು ಹರಿದರು. ಕೊನೆಗೆ ಉಳಿದದ್ದು ಎರಡೇ ಸಾಲು: ‘ನನ್ನ ತಂಗಿಯ ಕಾಲಿಗಾಗಿ ಈ ಕೆಲಸ ಕಲಿತೆ. ಅವಳ ಅಚ್ಚು ಇವತ್ತಿಗೂ ಇಲ್ಲಿದೆ.’ ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಸೈಟು ಬಿಡುಗಡೆಯಾದ ದಿನ ಅವರು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿಕೊಂಡು ಕೂತಿದ್ದರು. ನಾನು ಒಂದು ಗುಂಡಿ ಒತ್ತಿದೆ. “ಇಷ್ಟೇನಾ?” ಅಂದರು. ಇಷ್ಟೇ.

ಮೊದಲ ವಾರದಿಂದಲೇ ಜನ ಬರೆಯತೊಡಗಿದರು. ಏಳು ವರ್ಷದ ಹುಡುಗಿಯ ತಾಯಿ, ಸಾರುವೆಯಿಂದ ಬಿದ್ದ ಗಾರೆ ಕೆಲಸದವರು, ಕುಣಿಯಬೇಕು ಅನ್ನುವ ಒಬ್ಬ ಮೇಷ್ಟ್ರು. ಅಳತೆಯಮ್ಮನಿಗೆ ಕೈತುಂಬ ಕೆಲಸ. ಆದರೂ ನಾನು ಹೋದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, “ಬೇರೆ ಯಾರಾದ್ರೂ ಬರೆದಿದ್ದಾರಾ?” ನನ್ನ ಕೆಲಸ ಮುಗಿದು ತಿಂಗಳಾಗಿತ್ತು. ಇನ್ನೂ ಯಾಕೆ ಹೋಗ್ತೀರಿ ಅಂತ ಯಜಮಾನರು ಕೇಳಿದರೆ, ಸೈಟು ನೋಡಿಕೊಳ್ಳೋದನ್ನ ಕಲಿಸ್ತಿದ್ದೀನಿ ಅಂದೆ. ಅಳತೆಯಮ್ಮ ಅದನ್ನು ಎರಡೇ ದಿನದಲ್ಲಿ ಕಲಿತಿದ್ದರು. ವಾರದಲ್ಲಿ ನನಗೆ ‘ಬಾ, ಕೂತ್ಕೋ’ ಅನ್ನುವ ಜಾಗ ಅದೊಂದೇ ಇತ್ತು.

ಇವತ್ತು ಮಧ್ಯಾಹ್ನ ಹೋದಾಗ ಒಂದು ಹೊಸ ಸಂದೇಶ ಬಂದಿತ್ತು. ಹೆಸರು ಬರೆಯುವ ಕಡೆ ಬರೀ ಒಂದು ಚುಕ್ಕಿ. ಕೆಳಗೆ: ‘ಬಲಗಾಲು ಮೊದಲಿನಂತೆಯೇ. ಎಡಗಾಲಿಗೆ ಈಗ ಎರಡೂಮುಕ್ಕಾಲು ಇಂಚು ಬೇಕು. ಕಂದು ಬೇಡ, ಕಪ್ಪು. ಅಂಚೆಯಲ್ಲಿ ಕಳಿಸಿ. ದಯವಿಟ್ಟು ನೀವು ಬರಬೇಡಿ.’ ಜೊತೆಗೊಂದು ವಿಳಾಸ.

ನಾನು ಜೋರಾಗಿ ಓದಿದೆ. ಅವರು ಇನ್ನೊಮ್ಮೆ ಓದು ಅಂದರು. ಮತ್ತೆ ಓದಿದೆ. “ನೀವು ಅಂತ ಬರೆದಿದ್ದಾಳಾ?” ಹೌದು ಅಂದೆ. “ಬಾಯಿ ಬಂದಾಗಿನಿಂದ ನನ್ನನ್ನ ನೀನು ಅಂದವಳು. ಈಗ ಬಹುವಚನ.” ಅಷ್ಟು ಹೇಳಿ ಎದ್ದು ಗೋಡೆಯಿಂದ ಒಂದು ಅಚ್ಚು ತೆಗೆದರು, ಧೂಳು ಒರೆಸಿದರು, ಕರಿ ಚರ್ಮ ಹುಡುಕಿದರು. ಮುಕ್ಕಾಲು ಇಂಚು ಹೆಚ್ಚಾಗಿದೆ ಅಂದ್ರೆ ಸೊಂಟ ನೋಯ್ತಿರತ್ತೆ ಅಂತ ತಮಗೆ ತಾವೇ ಹೇಳಿಕೊಂಡರು. ನೀವು ಹೋಗಲ್ವಾ ಅಂತ ಕೇಳಿದೆ. “ಬೇಡ ಅಂದಿದ್ದಾಳೆ, ಹೋಗಲ್ಲ. ಅವಳ ಪರವಾಗಿ ಬಾಗಿಲಲ್ಲಿ ನಿಂತು ಮಾತಾಡಿದ್ದು ಒಂದು ಸಲ ಸಾಕು. ಈ ಸಲ ಅವಳು ಹೇಳಿದಷ್ಟೇ ಮಾಡ್ತೀನಿ.”

ಆಮೇಲೆ ಹೊಲಿಗೆಯಿಂದ ತಲೆ ಎತ್ತದೆಯೇ ಕೇಳಿದರು. “ಮನೇಲಿ ಯಾರಿದ್ದಾರಮ್ಮ ನಿಂಗೆ?”

ಯಾರೂ ಇಲ್ಲ ಅಂದೆ.

ಅಮ್ಮಾ, ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಿನ್ನ ಅಳಿಯ ಈ ಮನೆ ಬಿಟ್ಟು ಎಂಟು ತಿಂಗಳಾಯಿತು. ಹೊಡೆದಾಟವಿಲ್ಲ, ಬೈದಾಟವಿಲ್ಲ, ಇಬ್ಬರ ನಡುವೆ ಮಾತು ಬತ್ತಿಹೋಗಿತ್ತು, ಅವರು ಮೊದಲು ಎದ್ದು ಹೋದರು, ಅಷ್ಟೇ. ನಿನಗೆ ನೋವಾಗುತ್ತದೆ ಅಂತ ಮುಚ್ಚಿಟ್ಟೆ ಅಂದುಕೊಂಡಿದ್ದೆ. ಅದೂ ಅಳತೆಯಮ್ಮನ ‘ಅವಳ ಒಳ್ಳೇದಕ್ಕೇ’ ಅನ್ನುವ ಮಾತಿನ ಹಾಗೆ ಸುಳ್ಳೇ. ನಿನ್ನೆದುರು ಸೋತವಳಂತೆ ನಿಲ್ಲಲು ನನಗೇ ಹೆದರಿಕೆಯಾಗಿತ್ತು. ಅಲ್ಲಿಂದ ಸೀದಾ ಬಂದು, ಚಪ್ಪಲಿಯನ್ನೂ ಬಿಚ್ಚದೆ ಈ ಕಾಗದಕ್ಕೆ ಕೂತೆ.

ಅಣ್ಣನಿಗೆ ನೀನೇ ಹೇಳು. ನನ್ನನ್ನು ಕರೆದುಕೊಂಡು ಹೋಗಲು ಯಾರೂ ಬರುವುದು ಬೇಡ. ಕೆಲಸವಿದೆ, ಮನೆಯಿದೆ, ಗುರುವಾರವಿದೆ. ನೀನು ಬೈದಾದರೂ ಸರಿ, ಒಂದು ಕಾಗದ ಹಾಕು.

ನಿನ್ನ
ಕಿರಿಯವಳು

ಮರೆತಿದ್ದೆ: ಹಿಂದಿನ ಮೂರು ಕಾಗದಗಳ ಕೊನೆಯಲ್ಲಿ ‘ಅತ್ತೆಯವರಿಗೆ ನಮಸ್ಕಾರಗಳು, ಆರೋಗ್ಯ ನೋಡಿಕೊಳ್ಳಿ’ ಅಂತ ನಿನ್ನ ಅಳಿಯನ ಅಕ್ಷರದಲ್ಲಿ ಇತ್ತಲ್ಲ, ಅದನ್ನು ಬರೆದದ್ದು ನಾನೇ. ಎಡಗೈಯಲ್ಲಿ. ಅಕ್ಷರ ಹೊಂದಬೇಕೆಂದು ಹತ್ತು ಹಾಳೆ ಹಾಳುಮಾಡಿದ್ದೆ.