ಹೊಗೆಯಿಲ್ಲದ ಕೆಂಡ

೧೨ ಜನವರಿ ೧೯೪೩, ಮಂಗಳವಾರ. ಹಲಸೂರು.

ಸಂಜೆ ಪಾಠ ಮುಗಿಸಿ ಶಾಲೆಯಿಂದ ಬಂದಾಗ ಬಾಣಂತಿ ಕೋಣೆಯಲ್ಲಿ ತಂಗಿ ರತ್ನಿ ತಲೆನೋವೆಂದು ತೊದಲುತ್ತಿದ್ದಳು. ಎದ್ದು ಕೂರಲೂ ಆಗುತ್ತಿರಲಿಲ್ಲ. ಹನ್ನೊಂದು ದಿನದ ಮಗು ಅಲುಗಾಡಿಸಿದರೂ ಅಳಲಿಲ್ಲ. ಮಂಚದ ಪಕ್ಕದ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ನಿಗಿನಿಗಿ ಎನ್ನುತ್ತಿತ್ತು. ವಿಮಾನದಾಳಿಯ ಭಯಕ್ಕೆ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದೆವು. ಚಳಿಯೆಂದು ಅಮ್ಮ ಬಾಗಿಲ ಸಂದಿಗೂ ಬಟ್ಟೆ ತುರುಕಿದ್ದಳು. ಕಾಗದ ಹರಿದು ಕಿಟಕಿ ತೆರೆದೆ, ಇಬ್ಬರನ್ನೂ ಜಗಲಿಗೆ ತಂದೆ.

"ಬಾಣಂತಿಗೆ ಗಾಳಿ ತಾಕಿಸ್ತೀಯಲ್ಲೇ! ಹೊಗೇನೇ ಇಲ್ಲ, ಏನಾಗುತ್ತೆ?" ಎಂದು ಅಮ್ಮ ಕೂಗಿದಳು.

"ಹೊಗೆ ಇದ್ದಿದ್ರೆ ಕೆಮ್ಮಾದ್ರೂ ಬರ್ತಿತ್ತಮ್ಮ. ಗಾಳಿ ಸಾಲದೆ ಉರಿಯೋ ಇದ್ದಿಲು ಬಣ್ಣ, ವಾಸನೆ ಇಲ್ಲದ ವಿಷ ಬಿಡುತ್ತೆ. ರಕ್ತದಲ್ಲಿ ಪ್ರಾಣವಾಯು ಕೂರೋ ಜಾಗಾನ ಅದೇ ಹಿಡ್ಕೊಂಡ್ಬಿಡುತ್ತೆ."

ಅಮ್ಮ ಮಗುವಿನ ಅಂಗಾಲು ಉಜ್ಜುತ್ತ ಕೂತಳು. ಎಷ್ಟೋ ಹೊತ್ತಿಗೆ ಅದು ಕಿರುಚಿ ಅತ್ತಿತು.

ಅಪಾಯ ದಾಟಿದೆ ಎಂದು ಡಾಕ್ಟರು ಹೇಳಿಹೋದರು. ರತ್ನಿ ಗಂಜಿ ಕುಡಿದಳು. ನನಗೆ ಮಾತ್ರ ನೆಮ್ಮದಿಯಿಲ್ಲ. ಇದೇ ಪಾಠವನ್ನು ಹೋದ ವಾರ ಹುಡುಗಿಯರಿಗೆ ಮಾಡಿದ್ದೆ. ಇವತ್ತು ಬೆಳಿಗ್ಗೆ ಆ ಅಗ್ಗಿಷ್ಟಿಕೆಗೆ ಇದ್ದಿಲು ತುಂಬಿ ಹೋದವಳೂ ನಾನೇ. ಅಮ್ಮ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮಗು ಉಸಿರಾಡುತ್ತಿದೆಯೇ ಎಂದು ಇನ್ನೊಮ್ಮೆ ನೋಡಿ ಬರುತ್ತೇನೆ.